ಹೊಳೆನರಸೀಪುರದಲ್ಲಿ ನಾನು ಸುರಿಸಿದ ಮಳೆ

ಹಾಸನದ ಆರ್ಕೆಸ್ಟ್ರಾ ಜಯಂತ್ ನನಗೆ ಹನ್ನೊಂದು ಕಾರ್ಯಕ್ರಮದ ಕೂಲಿ, ಎರಡು ಸಾವಿರದ ಇನ್ನೂರು ರೂಪಾಯಿ, ಇವತ್ತಿಗೂ ಕೊಟ್ಟಿಲ್ಲ. ಗಣಪತಿ ಪೆಂಡಾಲುಗಳಲ್ಲಿ ಅವನ ಹಿಂದೆ ನಿಂತು ಢೋಲಕ್ ಬಡಿದವನು ನಾನು. ಇಪ್ಪತ್ತು ವರ್ಷ ಮೆರವಣಿಗೆಗಳಲ್ಲಿ ತಮಟೆ ಬಡಿದ ಕೈ ಇದು. ಹೋರಾಟಕ್ಕೆ ಜನ ಕಡಿಮೆಯಾಗಿ ಗಣಪತಿಗೆ ಜಾಸ್ತಿಯಾದ ಮೇಲೆ ಕೈಗೆ ಏನಾದರೂ ಕೆಲಸ ಬೇಕಿತ್ತು, ಅವನ ಜೊತೆ ಸೇರಿಕೊಂಡೆ. ಕೂಲಿ ಬಾರದಿದ್ದಾಗ ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ. 2001ರ ಯುಗಾದಿ ಕಳೆದ ಮೂರನೇ ದಿನ ಅವನ ಮನೆ ಮುಂದೆ ಒಬ್ಬನೇ ಧರಣಿ ಕೂತೆ.

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಕೂತೆ. ಅವನ ಹೆಂಡತಿ ಎರಡು ಸಲ ಕಾಫಿ ಕೊಟ್ಟಳು, ಒಂದು ಸಲ ಉಪ್ಪಿಟ್ಟು. ಉಪ್ಪಿಟ್ಟಿನ ಹೊತ್ತಿಗೆ ಧರಣಿಯ ಕಾವು ಇಳಿದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅದನ್ನೇ ಕಾಯುತ್ತಿದ್ದವನಂತೆ ಜಯಂತ್ ಒಳಗಿಂದ ಒಂದು ಪೆಟ್ಟಿಗೆ ಎಳೆದುಕೊಂಡು ಬಂದ.

"ದುಡ್ಡಿಲ್ಲ ಕಣಣ್ಣ. ಇದ್ದಿದ್ರೆ ಕೊಡ್ತಿರ್ಲಿಲ್ವಾ? ಇದನ್ನ ತಗೊಂಡೋಗು. ಸಿಂಥಸೈಜರ್. ಅನಲಾಗು. ಜಪಾನಿಂದು."

"ಹಾಡು ಬತ್ತದಾ ಇದ್ರಲ್ಲಿ?"

"ಈಗಿನ ಕೀಬೋರ್ಡ್ ಅಂಗೆ ಬಟನ್ ಒತ್ತುದ್ರೆ ಹಾಡು ಬರಲ್ಲ. ಶಬ್ದನ ನೀನೇ ಹುಟ್ಟಿಸ್ಬೇಕು. ಮಳೆ, ಗುಡುಗು, ರೈಲು, ಹುಲಿ, ಏನ್ ಬೇಕಾದ್ರೂ ಹುಟ್ಟಿಸ್ಬೋದು."

"ಮತ್ತೆ ನೀನ್ಯಾಕೆ ಹುಟ್ಟಿಸ್ಲಿಲ್ಲ?"

"ನಂಗೆ ಟೈಮೆಲ್ಲೈತಣ್ಣ," ಎಂದ. ನಾನು ಕೂತಿದ್ದ ನಾಲ್ಕು ಗಂಟೆಯೂ ಅವನು ಒಳಗೆ ಗೊರಕೆ ಹೊಡೆಯುತ್ತಿದ್ದುದು ನನಗೆ ಕೇಳಿಸಿತ್ತು.

ಹದಿನಾಲ್ಕು ಕೆಜಿ ತೂಕ. ಬಸ್ಸಿನಲ್ಲಿ ಕಂಡಕ್ಟರು ಲಗೇಜು ಟಿಕೆಟ್ ಹರಿಯುತ್ತ, "ಏನ್ ಸಾ ಇದು, ಹೊಲಿಗೆ ಮಿಷನ್ನಾ?" ಎಂದ.

"ಶಬ್ದ ಹುಟ್ಟಿಸೋ ಯಂತ್ರ."

"ನಮ್ ಬಸ್ಸಿಗಿಂತ್ಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಸೀಟಿಗೆ ಹೋದ.

ಹೊಳೆನರಸೀಪುರ ಮುಟ್ಟುವಷ್ಟರಲ್ಲಿ ನನ್ನ ಪ್ರತಿಜ್ಞೆ ಸಿದ್ಧವಾಗಿತ್ತು. ನಮ್ಮ ಬೀದಿನಾಟಕದ ತಂಡ ಮೇ ಕೊನೆಯಲ್ಲಿ ಅರಕಲಗೂಡಿನಲ್ಲಿ ಕೆರೆ ಒತ್ತುವರಿಯ ವಿರುದ್ಧ ಒಂದು ನಾಟಕ ಆಡುವುದಿತ್ತು. ಕೊನೆಯ ದೃಶ್ಯದಲ್ಲಿ ಮಳೆ ಸುರಿದು, ಕೆರೆ ತನ್ನ ಜಾಗವನ್ನು ತಾನೇ ವಾಪಸು ಪಡೆಯುತ್ತದೆ. ಇಷ್ಟು ವರ್ಷ ನಾವು ಮೊರದಲ್ಲಿ ರಾಗಿ ಆಡಿಸಿ ಮಳೆ ತರಿಸುತ್ತಿದ್ದೆವು, ತಗಡು ಅಲ್ಲಾಡಿಸಿ ಗುಡುಗು. ಇನ್ನು ಆ ದಾರಿದ್ರ್ಯ ಸಾಕು. ಅರಕಲಗೂಡಿನ ಜನ ಕೊಡೆ ಬಿಚ್ಚಬೇಕು, ಅಂಥ ಮಳೆ ತರುತ್ತೇನೆ ಎಂದು ಬಸ್ಸಿನಲ್ಲೇ ಶಪಥ ಮಾಡಿದೆ. ಸರ್ಕಾರವನ್ನೇ ಅಲುಗಾಡಿಸಿದವನಿಗೆ ಆ ಪೆಟ್ಟಿಗೆಯ ಇಪ್ಪತ್ತೆಂಟು ನಾಬು, ಅಂದರೆ ತಿರುಗಿಸುವ ಗುಬಟು, ಯಾವ ಲೆಕ್ಕ? ಸರ್ಕಾರ ಅಲುಗಾಡಲಿಲ್ಲ ಎಂಬುದು ನಿಜ. ಒಮ್ಮೆ ತಹಸೀಲ್ದಾರರ ಕುರ್ಚಿ ಅಲುಗಾಡಿತ್ತು. ಅದರ ಒಂದು ಕಾಲು ಮೊದಲೇ ಗಿಡ್ಡವಿತ್ತು.

ಮನೆಯಲ್ಲಿ ಸರಸ ಬಾಗಿಲಿಗೇ ಬಂದು ನಿಂತಳು. "ಕೂಲಿ ಎಲ್ಲಿ?"

"ಇದೇ ಕೂಲಿ."

ಅವಳು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. "ಇದನ್ನ ಬೇಯಿಸ್ಬೇಕಾ, ಹುರೀಬೇಕಾ?"

ಈ ಪ್ರಶ್ನೆ ಕೇಳುವ ಹಕ್ಕು ಅವಳಿಗಿತ್ತು. ಇಪ್ಪತ್ತು ವರ್ಷ ನಾನು ಸಮಾಜವನ್ನು ಉದ್ಧಾರ ಮಾಡಿದೆ. ಆ ಇಪ್ಪತ್ತೂ ವರ್ಷ ಅವಳು ರವಿಕೆ ಹೊಲಿದು ನನ್ನನ್ನು ಸಾಕಿದಳು. ಈಚೆಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸುವುದು ಕಷ್ಟವಾದ ಮೇಲೆ, ಬೀದಿಯ ಐವರು ಹೆಂಗಸರನ್ನು ಜೊತೆಗೆ ಸೇರಿಸಿಕೊಂಡು ಹಪ್ಪಳ ಸಂಡಿಗೆ ಮಾಡುವ ಒಂದು ಸಂಘ ಕಟ್ಟಿದ್ದಳು. ಪಕ್ಕದ ಮನೆಯ ಪಾರ್ವತಮ್ಮ ಅಧ್ಯಕ್ಷೆ. ನನಗಿಂತ ಹತ್ತು ವರ್ಷ ದೊಡ್ಡವರು, ನನ್ನನ್ನು ಇನ್ನೂ 'ಲಾ' ಎನ್ನುವವರು. ಆ ಏಪ್ರಿಲ್‌ನಲ್ಲಿ ಸಂಘಕ್ಕೆ ಮೊದಲ ದೊಡ್ಡ ಆರ್ಡರು ಬಂದಿತ್ತು. ಶ್ರವಣಬೆಳಗೊಳದ ಸಮತಾ ಎಂಬಾಕೆ, ಯಾತ್ರಿಕರಿಗೆ ಮೆಸ್ ನಡೆಸುವ ಜೈನ ಮನೆತನದ ಸೊಸೆ, ಮೈದುನನ ಮದುವೆಗೆ ನಾಲ್ಕು ಸಾವಿರ ಅಕ್ಕಿ ಸಂಡಿಗೆ ಕೇಳಿದ್ದರು. ಮದುವೆಯಲ್ಲಿ ಬೀಗರಿಗೆ ಹಿಡಿಸಿದರೆ ಮೆಸ್ಸಿಗೆ ವರ್ಷಪೂರ್ತಿ ಇವರದೇ ಸಂಡಿಗೆ. ಹಿಡಿಸದಿದ್ದರೆ ಮೈಸೂರಿನಿಂದ ತರಿಸುವುದು ಇದ್ದೇ ಇದೆ. ವರ್ಷಪೂರ್ತಿ ಎಂಬ ಒಂದು ಮಾತಿನ ಮೇಲೆ ಆರು ಮನೆಗಳು ಕಣ್ಣಿಟ್ಟಿದ್ದವು. ಸರಸ ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿಬಿಟ್ಟಿದ್ದಳು.

ಆರ್ಡರಿನ ಜೊತೆ ಷರತ್ತೂ ಇತ್ತು. ಈರುಳ್ಳಿ ಬೆಳ್ಳುಳ್ಳಿ ಸೋಕಬಾರದು. ನೀರನ್ನು ಬಟ್ಟೆಯಲ್ಲಿ ಸೋಸಬೇಕು. ಸೂರ್ಯ ಹುಟ್ಟುವ ಮೊದಲು ಒಲೆ ಹಚ್ಚಬಾರದು, ಮುಳುಗಿದ ಮೇಲೆ ಪದಾರ್ಥ ಮುಟ್ಟಬಾರದು. ನಮ್ಮ ಬೀದಿಯಲ್ಲಿ ಸಂಡಿಗೆ ಎಂದರೆ ನಸುಕಿಗೇ ಗಂಜಿ ಕಾಯಿಸಿ, ಎಳೆಬಿಸಿಲಿಗೆ ಇಟ್ಟು, ಮಧ್ಯಾಹ್ನದ ಊಟಕ್ಕೆ ಮುಂಚೆ ಎತ್ತಿಡುವ ಕೆಲಸ. ಈ ಆರ್ಡರಿನಲ್ಲಿ ಗಂಜಿ ಬೇಯುವಾಗಲೇ ಎಂಟೂವರೆ, ಮಹಡಿಯ ಮೇಲೆ ಸೀರೆ ಹಾಸಿ ಇಟ್ಟು ಮುಗಿಸುವಾಗ ಹನ್ನೊಂದು. ಸಂಜೆ ಐದರವರೆಗೂ ಬಿಡಲೇಬೇಕು. ಏಪ್ರಿಲ್ ಕೊನೆಯಲ್ಲಿ ನಮ್ಮೂರಿನ ಆಕಾಶ ಮಧ್ಯಾಹ್ನದ ಮೇಲೆ ಯಾರ ಮಾತನ್ನೂ ಕೇಳುವುದಿಲ್ಲ. ಹಾಗಾಗಿ ಊಟವಾದ ಮೇಲೆ ಆರೂ ಹೆಂಗಸರು ನಮ್ಮ ನಡುಮನೆಯಲ್ಲೇ, ಝಳ ಬಾರದಂತೆ ಬಾಗಿಲು ಕಿಟಕಿ ಹಾಕಿಕೊಂಡು ಅಡ್ಡಾಗುತ್ತಿದ್ದರು. ಕಿವಿ ಮಾತ್ರ ಆಕಾಶದ ಕಡೆಗೆ.

ಇಂಥ ಮನೆಯ ಹಿತ್ತಲಿನ ಸೌದೆ ಕೋಣೆಯಲ್ಲಿ ನಾನು ಮಳೆ ತಯಾರಿಸಲು ಕೂತೆ.

ಸೌದೆ ಕೋಣೆಗೆ ತಗಡಿನ ಸೂರು, ಬೆಳಕಿಗೆ ಒಂದು ಗಾಜಿನ ಹೆಂಚು. ಇದ್ದ ಒಂದೇ ಪ್ಲಗ್ಗನ್ನು ಪೆಟ್ಟಿಗೆಗೂ ಹಳೆಯ ಆಂಪ್ಲಿಫೈಯರಿಗೂ ಸೇರಿಸಿ ಕೊಟ್ಟೆ. ಬೀದಿಗೆ ಕೇಳಿಸಬಾರದೆಂದು ಸರಸ ಕಿಟಕಿಗೆ ಹಳೇ ಕೌದಿ ತುರುಕಿದಳು. ಶಬ್ದ ಬರಬೇಕಾದರೆ ಒಂದು ಮನೆಯನ್ನು, ಅಂದರೆ ಕೀಯನ್ನು, ಒತ್ತಿಯೇ ಹಿಡಿದಿರಬೇಕು. ಎರಡೂ ಕೈ ನಾಬುಗಳಿಗೆ ಬೇಕಾದ್ದರಿಂದ ಅದರ ಮೇಲೆ ಎಲೆ ಅಡಕೆ ಕುಟ್ಟುವ ಕಲ್ಲಿಟ್ಟೆ. ಪೆಟ್ಟಿಗೆಯ ಮೇಲಿದ್ದ ಇಂಗ್ಲಿಷು ಹತ್ತಾರು ಜನರ ಬೆರಳು ಸವರಿ ಅಳಿಸಿಹೋಗಿತ್ತು. ಮೊದಲ ದಿನ ಏನು ತಿರುಗಿಸಿದರೂ ಎಮ್ಮೆ ಕರು ಹಾಕುವಾಗಿನ ಶಬ್ದ ಒಂದೇ ಬರುತ್ತಿತ್ತು. ಎರಡನೇ ದಿನ 'ಸುರ್' ಎಂಬ ಹೊಸ ಶಬ್ದ ಹುಟ್ಟಿತು. ನಾನು ಪುಳಕಗೊಂಡೆ.

ಸರಸ ಬಾಗಿಲು ತೆಗೆದು, "ಒಳಗೆ ಏನ್ರೀ ಕರೀತಿದೀರಾ?" ಎಂದಳು.

"ಇದು ಮಳೆ."

"ಎಣ್ಣೆ ಕಾದಿರೋದು ಜಾಸ್ತಿಯಾಗಿದೆ. ಉರಿ ಕಮ್ಮಿ ಮಾಡಿ."

ಗುರುವಿಲ್ಲದೆ ಆಗದೆಂದು ಚನ್ನರಾಯಪಟ್ಟಣಕ್ಕೆ ಹೋದೆ. ಅಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ಅನಂತ್ ನಮ್ಮ ಸಭೆಗಳ ಮೈಕು ಎಷ್ಟೋ ಸಲ ರಿಪೇರಿ ಮಾಡಿದವನು. ಪೆಟ್ಟಿಗೆಯ ನಾಬುಗಳನ್ನು ನಾನು ಕಾಗದದ ಮೇಲೆ ಬರೆದುಕೊಂಡು ಹೋಗಿದ್ದೆ. ಅವನು ಬೆಸುಗೆ ಕಡ್ಡಿ ಕೆಳಗಿಟ್ಟು ಚಿತ್ರ ನೋಡಿದ.

"ಸಾ, ಇದ್ರಲ್ಲಿ ಬರೋ ಸುರ್ ಅನ್ನೋ ಶಬ್ದ ಐತಲ್ಲ, ಅದು ಲೋಕದ ಎಲ್ಲಾ ಶಬ್ದನೂ ಸೇರ್ಸಿ ಬೀಸಿದ ಹಿಟ್ಟು ಅನ್ಕೊಳಿ. ಈ ಸಾಲಿನ ನಾಬು ಜರಡಿ. ಸಣ್ಣದನ್ನೆಲ್ಲ ತಡ್ದು ದಪ್ಪದನ್ನ ಬಿಟ್ರೆ ಗುಡುಗು. ದಪ್ಪ ತಡ್ದು ಸಣ್ಣದನ್ನ ಬಿಟ್ರೆ ತುಂತುರು. ನೀವು ಜರಡಿನೇ ಹಿಡೀದೆ ಹಿಟ್ಟು ಸುರೀತಿದೀರ."

"ಮತ್ತೆ ಈ ನಾಲ್ಕು?"

"ಶಬ್ದ ಎಷ್ಟು ಬೇಗ ಏಳ್ಬೇಕು, ಎಷ್ಟೊತ್ತು ನಿಲ್ಬೇಕು, ಎಂಗೆ ಬೀಳ್ಬೇಕು ಅಂತ. ಒಂದ್ ಮಾತು ಸಾ. ಈ ಮಿಷನ್ನಿಗೆ ಜ್ಞಾಪಕ ಇಲ್ಲ. ಸಿಕ್ಕಿದ ಶಬ್ದ ತಿರುಗ್ಸಿದ್ರೆ ಓಯ್ತು. ಬರ್ದಿಟ್ಕೊಳಿ. ಓಲ್ಟೇಜ್ ಎಚ್ಚುಕಮ್ಮಿ ಆದ್ರೂ ಓಯ್ತು."

ಅಂದರೆ ನಮ್ಮೂರಿನ ಕರೆಂಟಿನಲ್ಲಿ ದಿನಕ್ಕೆ ಹತ್ತು ಸಲ ಹೋಗುತ್ತದೆ ಎಂದರ್ಥ. ಆದರೂ ಜರಡಿಯ ಗುಟ್ಟು ಸಿಕ್ಕ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ನಾಬುಗಳ ಮುಖವನ್ನು ಗಡಿಯಾರದ ಮುಖವೆಂದುಕೊಂಡು, ಒಂದನೇದು ಎಂಟು ಗಂಟೆ, ಎರಡನೇದು ಹತ್ತೂಕಾಲು, ಮೂರನೇದು ಒಂದೂವರೆ ಎಂದು ಬರೆದಿಡತೊಡಗಿದೆ. ಆ ಚೀಟಿ ನೋಡಿ ಸರಸ, "ಹಾಸನಕ್ಕೆ ಒಂದೂವರೆ ಆದ್ಮೇಲೆ ಬಸ್ಸೇ ಇಲ್ವಾ?" ಎಂದು ಕೇಳಿದಳು.

ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಜರಡಿ ಹದಕ್ಕೆ ಬಂತು. ಮೊದಲು ನಾಲ್ಕು ಹನಿ, ಆಮೇಲೆ ನಲವತ್ತು, ಆಮೇಲೆ ಭೋರೆಂದು ಸುರಿಯಿತು. ನಾನು ಆನಂದದಲ್ಲಿ ಕಣ್ಣು ಮುಚ್ಚಿದೆ. ತೆರೆಯುವಷ್ಟರಲ್ಲಿ ಮನೆಯ ಮೇಲೆ ದಡದಡ ಕಾಲು. "ಅಯ್ಯೋ ಮಳೆ ಕಣ್ರವ್ವಾ, ಎತ್ರೀ," ಎಂದು ಪಾರ್ವತಮ್ಮನ ದನಿ. ಆರು ಹೆಂಗಸರು ಸೀರೆ ಎತ್ತಿ ಸಿಕ್ಕಿಸಿ ಮಹಡಿಗೆ ಓಡಿ, ಹಸೀ ಸಂಡಿಗೆ ಇದ್ದ ಸೀರೆಗಳನ್ನು ತಲೆ ಎತ್ತಿ ನೋಡದೆ ಸಿಕ್ಕಂತೆ ಮಡಚಿ ಮೆಟ್ಟಿಲಿಳಿದು ಹೊರಗೆ ನೋಡುತ್ತಾರೆ: ಹೆಂಚು ಸಿಡಿಯುವ ಬಿಸಿಲು.

ಅದೇ ಹೊತ್ತಿಗೆ ನಾನು ಸೌದೆ ಕೋಣೆಯಿಂದ ಹೊರಬಂದು, "ಹೆಂಗಿತ್ತು?" ಎಂದು ಕೇಳಿದ್ದು ತಪ್ಪಾಯಿತು.

"ಏನ್ಲಾ ಗಂಗಾಧರ," ಎಂದರು ಪಾರ್ವತಮ್ಮ, ಏದುಸಿರು ಬಿಡುತ್ತ. "ನಿಂದಾ ಇದು?"

"ನಂದೇ."

"ಮುನ್ನೂರು ಸಂಡ್ಗೆ ಒಂದಕ್ಕೊಂದು ಮೆತ್ಕೊಂಡವೆ. ಬುಡ್ಸು ಬಾ."

ಸಂಜೆವರೆಗೆ ಕೂತು ಬಿಡಿಸಿದೆ. ಬೈಗುಳ ತಿಂದೆ. ಆದರೆ ಒಳಗೊಳಗೇ ನನಗೆ ಆದ ಸಂತೋಷ ಹೇಳತೀರದು. ಇಪ್ಪತ್ತು ವರ್ಷ ಮೈಕಿನ ಮುಂದೆ ಕಿರುಚಿದ್ದೇನೆ, 'ಎದ್ದೇಳಿ' ಎಂದು. ಬೀದಿಯಲ್ಲಿ ಒಬ್ಬರೂ ಹೀಗೆ ಎದ್ದು ಓಡಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಕಲಾವಿದನಾಗಿ ಉಳಿಯುತ್ತಿದ್ದೆ. ಗುರುವಾರ ಮತ್ತೆ ಮಾಡಿದೆ. ಸರಸನಿಗೆ ಮೊದಲೇ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ, ಮರೆತೆ ಎಂದು ಆಮೇಲೆ ಹೇಳಿದೆ. ಮರೆತಿರಲಿಲ್ಲ. ಅವರು ಓಡುವುದನ್ನು ಇನ್ನೊಂದು ಸಲ ಕೇಳಬೇಕೆನಿಸಿತು, ಅಷ್ಟೇ. ಈ ಸಲ ಕೆಳಗಿನ ಮನೆಯೊಂದನ್ನು ಒತ್ತಿ ಗುಡುಗನ್ನೂ ಸೇರಿಸಿದೆ. ಮಾರಮ್ಮ, ಸಂಘದಲ್ಲೆಲ್ಲ ಚಿಕ್ಕವಳು, ಎರಡು ಮೆಟ್ಟಿಲು ಒಟ್ಟಿಗೆ ಹತ್ತಲು ಹೋಗಿ ಮಂಡಿ ತರಚಿಕೊಂಡಳು.

ಅವತ್ತು ಸಂಜೆ ಸಂಘದ ತುರ್ತು ಸಭೆ. ಸಭೆ ಕರೆಯುವುದು, ನಿರ್ಣಯ ಮಂಡಿಸುವುದು, ಅನುಮೋದಿಸುವುದು, ಪುಸ್ತಕದಲ್ಲಿ ಬರೆದು ಸಹಿ ಹಾಕುವುದು, ಎಲ್ಲವನ್ನೂ ಅವರಿಗೆ ಕಲಿಸಿದವನು ನಾನೇ. ನಿರ್ಣಯ ಹೀಗಿತ್ತು: 'ಇನ್ನು ಮುಂದೆ ಮಧ್ಯಾಹ್ನದ ಹೊತ್ತು ಏನೇ ಶಬ್ದ ಕೇಳಿದರೂ ಯಾರೂ ಏಳತಕ್ಕದ್ದಲ್ಲ.' ಸರ್ವಾನುಮತ. 'ತಕ್ಕದ್ದಲ್ಲ' ಎಂಬ ಪದ ಸರಿಯಾಗಿ ಬಂದಿದೆಯೇ ಎಂದು ಸರಸ ನನ್ನನ್ನೇ ಕೇಳಿ ತಿದ್ದಿಸಿಕೊಂಡಳು.

ಶನಿವಾರದ ಹೊತ್ತಿಗೆ ಎರಡು ಸಾವಿರ ಸಂಡಿಗೆ ಒಣಗಿ ಡಬ್ಬ ಸೇರಿತ್ತು, ಎರಡು ಸಾವಿರ ಮಹಡಿಯ ಮೇಲಿತ್ತು. ನನ್ನ ಮಳೆ ಮಾತ್ರ ಕಳೆದುಹೋಗಿತ್ತು. ಚೀಟಿಯಲ್ಲಿದ್ದಂತೆ ಎಂಟು ಗಂಟೆ, ಹತ್ತೂಕಾಲು, ಒಂದೂವರೆ ಎಲ್ಲವನ್ನೂ ಇಟ್ಟರೂ ಬರುತ್ತಿದ್ದುದು ಸೀಮೆಎಣ್ಣೆ ಸ್ಟೌವಿಗೆ ಗಾಳಿ ಹಾಕಿದ ಶಬ್ದ. ಓಲ್ಟೇಜಿನ ಆಟ. ಊಟ ಮುಗಿಸಿ ಹಟ ಹಿಡಿದು ಕೂತೆ. ಪೆಟ್ಟಿಗೆಯ ಮನೆಯೊಂದರ ಮೇಲೆ ಕಲ್ಲಿಟ್ಟೆ, ಕಣ್ಣು ಮುಚ್ಚಿದೆ. ಶಬ್ದದ ಕೆಲಸಕ್ಕೆ ಕಣ್ಣು ಅಡ್ಡಿ ಎಂಬ ಸಿದ್ಧಾಂತವನ್ನು ಆ ವಾರವಷ್ಟೇ ಕಂಡುಹಿಡಿದಿದ್ದೆ.

ಅರ್ಧ ಗಂಟೆ ತಿರುಗಿಸಿದ ಮೇಲೆ ಮೊದಲ ಹನಿ ಬಿತ್ತು.

ಎಂಥ ಹನಿ ಅದು! ಮಂಗಳವಾರದ್ದು ಇದರ ಮುಂದೆ ಬರೀ ಉಗುಳು. ದಪ್ಪ ಹನಿ, ತಗಡಿನ ಮೇಲೆ ಬಿದ್ದ ಹಾಗೇ. ಜರಡಿಯ ನಾಬನ್ನು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದೆ, ಹನಿ ಹತ್ತಾಯಿತು. ಇನ್ನಷ್ಟು ತಿರುಗಿಸಿದೆ, ನೂರಾಯಿತು. ಆಂಪ್ಲಿಫೈಯರಿನಲ್ಲಿ ಸದಾ ಇರುತ್ತಿದ್ದ ಗುಂಯ್ ಎಂಬ ಶಬ್ದವೂ ನಿಂತು ಮಳೆ ಶುದ್ಧವಾಯಿತು. ಗುಡುಗಿಗೆಂದು ಕೆಳಗಿನ ಮನೆ ಒತ್ತಿದೆ. ತಕ್ಷಣ ಬರಲಿಲ್ಲ, ಎರಡು ಕ್ಷಣ ಬಿಟ್ಟು ಅರಕಲಗೂಡಿನ ದಿಕ್ಕಿನಿಂದ ಉರುಳಿಕೊಂಡು ಬಂತು. ದೊಡ್ಡ ಯಂತ್ರ, ಯೋಚನೆ ಮಾಡಿ ಗುಡುಗುತ್ತದೆ ಎಂದುಕೊಂಡೆ. ಎಡಕ್ಕೆ ತಿರುಗಿಸಿದಾಗ ಮಳೆ ಕಡಿಮೆಯಾಗಲಿಲ್ಲ, ಆದರೆ ಗೆದ್ದವನಿಗೆ ಇಂಥ ಸಣ್ಣ ವಿಷಯಗಳು ಕಾಣುವುದಿಲ್ಲ. ಆಮೇಲೆ ಮೂಗಿಗೆ ಹಸಿ ಮಣ್ಣಿನ ವಾಸನೆ ಬಡಿಯಿತು. ವಾಸನೆಗೆ ಯಾವ ನಾಬು ಇರಬಹುದೆಂದು ನಾನು ನಿಜವಾಗಿಯೂ ಕೈಯಾಡಿಸಿ ಹುಡುಕಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹುಡುಕಿದೆ.

ಅದೇ ಹೊತ್ತಿಗೆ ನಡುಮನೆಯಲ್ಲಿ ನಡೆದದ್ದನ್ನು ಆಮೇಲೆ ಆರು ಜನ ಆರು ಸಲ ಹೇಳಿದ್ದಾರೆ, ಅದನ್ನೇ ಬರೆಯುತ್ತೇನೆ. ಮೊದಲ ಹನಿಗೆ ಸರಸ ತಲೆ ಎತ್ತಿದಳು.

"ಮಲೀಕೊ," ಎಂದರು ಪಾರ್ವತಮ್ಮ. "ನಿನ್ ಗಂಡಂದು."

"ಗುಡುಗ್ತೈತೆ ಕಣವ್ವ," ಎಂದಳು ಮಾರಮ್ಮ.

"ಗುರ್ವಾರಾನೂ ಗುಡುಗ್ತು. ನಿನ್ ಮಂಡಿ ನೋಡ್ಕೊ."

"ಈ ಸಲ ಚೆನ್ನಾಗಿ ಬಂದಿದೆ ಅಲ್ವಾ," ಎಂದಳಂತೆ ಸರಸ. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದೂ ನನ್ನ ಕೆಲಸಕ್ಕಲ್ಲ.

ಸ್ವಲ್ಪ ಹೊತ್ತಿಗೆ ನಡುಮನೆಯ ಬೆಳಕಿಂಡಿಯಿಂದ ಒಂದು ಹನಿ ಮಾರಮ್ಮನ ಮೂಗಿನ ಮೇಲೆ ಬಿತ್ತು. ಅವಳು ಒರೆಸಿಕೊಂಡು, "ನೀರೂ ಬುಡ್ತಾವ್ನಲ್ಲವ್ವ," ಎಂದು ಮಗ್ಗುಲು ಬದಲಿಸಿದಳು. ನಿರ್ಣಯ ಎಂದರೆ ನಿರ್ಣಯ. ನಾನು ಪಾಠ ಹೇಳಿಕೊಟ್ಟ ಸಂಘಟನೆಗಳಲ್ಲೆಲ್ಲ ಶಿಸ್ತು ಪಾಲಿಸಿದ್ದು ಇದೊಂದೇ.

ಇತ್ತ ನನ್ನ ಬೋಳುತಲೆಯ ಮೇಲೂ ಗಾಜಿನ ಹೆಂಚಿನ ಸಂದಿನಿಂದ ಹನಿ ಬಿತ್ತು. ಕಣ್ಣು ಬಿಟ್ಟೆ. ಕೋಣೆ ಕತ್ತಲಾಗಿತ್ತು. ಹೆಂಗಸರನ್ನು ಕರೆದು ಈ ಪವಾಡ ತೋರಿಸಬೇಕೆಂದು, ಮಳೆ ನಿಲ್ಲಿಸಲು ಕಲ್ಲು ತೆಗೆದೆ. ನಿಲ್ಲಲಿಲ್ಲ. ಸ್ವಿಚ್ಚು ಆರಿಸಿದೆ. ನಿಲ್ಲಲಿಲ್ಲ. ಪ್ಲಗ್ಗನ್ನೇ ಕಿತ್ತೆ. ಕಿತ್ತ ಪ್ಲಗ್ಗು ಕೈಯಲ್ಲಿದೆ, ಮಳೆ ಸುರಿಯುತ್ತಲೇ ಇದೆ. ಕೌದಿ ಎಳೆದು ಕಿಟಕಿಯಲ್ಲಿ ನೋಡಿದೆ. ಹಿತ್ತಲೆಲ್ಲ ಕೆಂಪು ನೀರು. ಕರೆಂಟು ಮೊದಲ ಹನಿಗೇ ಹೋಗಿತ್ತು. ಇಷ್ಟು ಹೊತ್ತು ನಾನು ತಿರುಗಿಸಿದ್ದು ಸತ್ತ ಪೆಟ್ಟಿಗೆಯನ್ನು.

"ಮಳೆ! ಸರಸ, ಮಳೆ!" ಎಂದು ಕೂಗಿಕೊಂಡು ಓಡಿದೆ.

"ಗೊತ್ತು," ಎಂದಳು ಒಳಗಿಂದ. "ಚೆನ್ನಾಗಿದೆ. ನಿಲ್ಸಿ ಈಗ."

"ನಂದಲ್ಲ ಕಣೇ!"

"ಮತ್ತೆ ಯಾರ್ದು?"

ಬಾಗಿಲು ದಬ್ಬಿ, ತೊಯ್ದು ತೊಪ್ಪೆಯಾಗಿ ನಿಂತ ನನ್ನನ್ನು ನೋಡಿದ ಮೇಲೆ ಅವಳ ಮುಖ ಬಿಳಿಚಿತು. ಮಹಡಿ ಹತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡು ಸಾವಿರ ಸಂಡಿಗೆ ಮತ್ತೆ ಗಂಜಿಯಾಗಿ, ಸೀರೆಗಳನ್ನು ದಾಟಿ, ಮಹಡಿಯ ತೂಬಿನಿಂದ ಸಣ್ಣ ಜಲಪಾತವಾಗಿ ಬೀದಿಗೆ ಸುರಿಯುತ್ತಿತ್ತು. ಕೆಳಗೆ ಚರಂಡಿಯ ಬದಿಯಲ್ಲಿ ಎದುರು ಮನೆಯ ಬೈರಯ್ಯನ ಎಮ್ಮೆ ನಿಂತು, ಜೀರಿಗೆ ಉಪ್ಪು ಹದವಾಗಿ ಬಿದ್ದ, ಸೋಸಿದ ನೀರಿನಲ್ಲಿ ಮಾಡಿದ, ಸೂರ್ಯೋದಯದ ನಂತರ ಬೇಯಿಸಿದ ಗಂಜಿಯನ್ನು ಶ್ರದ್ಧೆಯಿಂದ ಕುಡಿಯುತ್ತಿತ್ತು.

ಯಾರೂ ಬೈಯಲಿಲ್ಲ. ಅದು ನನಗೆ ಭಯ ಹುಟ್ಟಿಸಿತು. ನಾನು ಮೆಲ್ಲಗೆ ಸೌದೆ ಕೋಣೆಗೆ ಹೋಗಿ ಕೂತೆ. ಹತ್ತು ನಿಮಿಷಕ್ಕೆ ಹೊರಗೆ, "ಬೇಕೇ ಬೇಕು," ಎಂದು ಒಂದು ದನಿ. "ನ್ಯಾಯ ಬೇಕು," ಎಂದು ಐದು ದನಿ. ಆರೂ ಜನ ಬಾಗಿಲಿಗೆ ಅಡ್ಡವಾಗಿ ಕೂತಿದ್ದರು. ತಾಳ, ಉಸಿರು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎತ್ತಬೇಕು, ಎಲ್ಲ ನಾನು ಕಲಿಸಿದ ಹಾಗೇ.

ಬದುಕಿನಲ್ಲಿ ಮೊದಲ ಸಲ ಧರಣಿಯ ಒಳಬದಿಯಲ್ಲಿದ್ದೆ. ಬಾಯಿಂದ ಬಂದ ಮಾತು ಕೇಳಿ ನನಗೇ ಹೇಸಿಗೆಯಾಯಿತು: "ನೋಡಿ, ಹಿಂಗೆ ಗುಂಪು ಕಟ್ಕೊಂಡು ಬಂದ್ರೆ ಆಗಲ್ಲ. ಇಬ್ಬರು ಮುಖಂಡರು ಮಾತ್ರ ಒಳಗೆ ಬನ್ನಿ."

"ಎಲ್ರೂ ಮುಖಂಡರೇ," ಎಂದಳು ಸರಸ.

"ಇದು ಪ್ರಕೃತಿ ವಿಕೋಪ. ನನ್ನ ವ್ಯಾಪ್ತಿಗೆ ಬರಲ್ಲ."

"ಧಿಕ್ಕಾರ," ಎಂದರು ಪಾರ್ವತಮ್ಮ, ಕುಳಿತಲ್ಲಿಂದಲೇ, ಎಲೆ ಅಡಕೆ ಜಗಿಯುತ್ತ.

ಹಿತ್ತಲ ಬೇಲಿಯ ಕಡೆ ಒಂದು ಸಣ್ಣ ಬಾಗಿಲಿತ್ತು. ಮೆಲ್ಲಗೆ ತೆಗೆದೆ. ಎದುರಿಗೆ ಮಾರಮ್ಮ, ಗಂಜಿ ತಿರುವುವ ಸೌಟು ಹಿಡಿದು ನಿಂತಿದ್ದಳು. ಯಾವಾಗ ಎದ್ದು ಬಂದಳೋ ತಿಳಿಯದು.

"ಸಾಹೇಬ್ರು ಹಿಂದಲ ಬಾಗ್ಲಲ್ಲಿ ಓಡೋಗ್ತಾರೆ, ಮೊದ್ಲು ಅಲ್ಲೊಬ್ರನ್ನ ನಿಲ್ಸಿ ಅಂತ ನೀವೇ ಯೋಳ್ಕೊಟ್ಟಿದ್ದು ಗಂಗಾಧರಣ್ಣ," ಎಂದಳು, ವಿನಯದಿಂದ.

ಲಿಖಿತ ಭರವಸೆ ಕೊಟ್ಟೆ. ಒಂದು: ಪೆಟ್ಟಿಗೆ ಸಂಘದ ವಶಕ್ಕೆ. ಎರಡು: ಬೆಳಗೊಳಕ್ಕೆ ಹೋಗಿ ಸಮತಾ ಅವರ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳುವುದು. ಮೂರು: ಗಂಜಿ ತಿರುವುವುದರಿಂದ ಹಿಡಿದು ಎತ್ತಿಡುವವರೆಗೆ ಕೆಲಸ.

ಭಾನುವಾರ ಮೊದಲ ಬಸ್ಸಿಗೆ ಬೆಳಗೊಳಕ್ಕೆ ಹೋದೆ. ಸಮತಾ ಮೆಸ್ಸಿನ ಹಿಂದೆ ಅಕ್ಕಿ ಅಳೆಸುತ್ತಿದ್ದರು. ಎಲ್ಲ ಕೇಳಿಸಿಕೊಂಡರು.

"ಮಳೆ ಬಂತು, ಸಂಡಿಗೆ ಹೋಯ್ತು ಅಂದಿದ್ರೆ ಸಾಕಿತ್ತಲ್ಲ. ನಾನೇನು ಬಂದು ನೋಡ್ತಿದ್ನಾ?"

"ನಡೆದ ಹಾಗೆ ಹೇಳ್ಬೇಕು ಅಂತ ಬರೆಸ್ಕೊಂಡಿದಾರೆ."

ಅವರು ನಗು ತಡೆದುಕೊಂಡದ್ದು ಕಂಡಿತು. "ಗುರುವಾರ ಸೂರ್ಯ ಮುಳುಗೋದ್ರೊಳಗೆ ನಾಲ್ಕು ಸಾವಿರವೂ ಇಲ್ಲಿರ್ಬೇಕು. ಒಂದು ಕಮ್ಮಿಯಾದ್ರೂ ಮೈಸೂರಿಂದ ತರಿಸ್ತೀನಿ. ವರ್ಷದ ಮಾತೂ ಅವ್ರಿಗೇ."

ಸೋಮವಾರ ನಾನು ಗಂಜಿ ತಿರುವಿದೆ. ತೋಳು ಬಿದ್ದುಹೋಯಿತು. ತಮಟೆ ಇದರ ಮುಂದೆ ಹತ್ತಿ. ಮಧ್ಯಾಹ್ನ ಬಿಸಿಲಿಗೊಂದು ಕೊಡೆ ಕೊಟ್ಟು ನನ್ನನ್ನು ಮಹಡಿಯ ಮೇಲೆ ಕಾವಲಿಗೆ ಕೂರಿಸಿದರು. ಕಾಗೆ ಓಡಿಸುವಂಥ ಒಂದು ಶಬ್ದವನ್ನು ಪೆಟ್ಟಿಗೆಯಲ್ಲಿ ಹುಟ್ಟಿಸಬಹುದೆಂದು ಸೂಚಿಸಿದೆ. ಸರಸ ಒಂದು ಕೋಲು ಕೈಗಿಟ್ಟು, "ಇದಕ್ಕೆ ಓಲ್ಟೇಜ್ ಬೇಡ," ಎಂದಳು. ಹದಿನಾಲ್ಕು ಕೆಜಿಯ ಪೆಟ್ಟಿಗೆ ಆ ಹೊತ್ತಿಗಾಗಲೇ ಗಾಳಿಗೆ ಸೀರೆ ಹಾರದಂತೆ ಮೂಲೆಯಲ್ಲಿ ಕೂತಿತ್ತು. ಇನ್ನುಳಿದ ಮೂರು ಮೂಲೆಗೆ ರುಬ್ಬುವ ಗುಂಡುಗಳು.

ಕಾವಲಿನಲ್ಲಿ ಒಂದು ತೊಡಕಿತ್ತು. ಮಳೆ ಬಂದರೆ ಕೂಗಬೇಕಾದವನು ನಾನು. ನನ್ನ ಕೂಗನ್ನು ಯಾರು ನಂಬಬೇಕು?

ಪಾರ್ವತಮ್ಮ ಅದಕ್ಕೂ ದಾರಿ ಕಂಡುಹಿಡಿದರು. "ನಿನ್ ಬಾಯ್ನ ನಂಬಾಕಿಲ್ಲ ಕಣ್ಲಾ. ತಲೆ ನಂಬ್ತೀವಿ. ಮಾರಿ ಮುಟ್ಟಿ ನೋಡ್ತಾಳೆ. ನೆಂದಿದ್ರೆ ಬತ್ತೀವಿ." ಅಂದರೆ ನಾನು ಮಳೆಯಲ್ಲಿ ನೆನೆದು, ಮೆಟ್ಟಿಲಿಳಿದು, ತಲೆ ಬಗ್ಗಿಸಿ ತೋರಿಸಿ, ತಪಾಸಣೆ ಮುಗಿದ ಮೇಲೆ ಸಂಡಿಗೆಗೆ ರಕ್ಷಣೆ. ಸರ್ಕಾರಿ ಪರಿಹಾರವೂ ಇದಕ್ಕಿಂತ ಬೇಗ ಬರುತ್ತದೆ.

ಸೋಮವಾರ, ಮಂಗಳವಾರ ಬಿಸಿಲು ಕಾಪಾಡಿತು. ಬುಧವಾರ ಮೂರು ಗಂಟೆಗೆ ಅರಕಲಗೂಡಿನ ಕಡೆಯಿಂದ ಮೋಡ ಎದ್ದಿತು. ಎಮ್ಮೆಯ ಬಣ್ಣದ್ದು, ಎಮ್ಮೆಯಷ್ಟೇ ನಿಧಾನ, ಆದರೆ ನಮ್ಮ ಕಡೆಗೇ. ಗಾಳಿ ಎದ್ದು ಸೀರೆಗಳ ಅಂಚು ಪಟಪಟಿಸಿತು. ಕೆಳಗೆ ಓಡಿದೆ.

"ಮೋಡ ಬಂತು. ಎದ್ದೇಳಿ. ಈಗ ಸುರಿಯುತ್ತೆ."

ಮಾರಮ್ಮ ಅರೆನಿದ್ದೆಯಲ್ಲೇ ಕೈ ಚಾಚಿ ನನ್ನ ತಲೆ ಮುಟ್ಟಿದಳು. "ಬೆವರು," ಎಂದಳು. ಎಲ್ಲರೂ ಮಗ್ಗುಲಾದರು.

"ಸರಸ, ನೀನಾದ್ರೂ ಬಾ."

ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಎದ್ದು ಬರಬೇಕೆಂದು ಅವಳಿಗಿತ್ತು, ಅದು ಕಂಡಿತು. ಎರಡು ಸಲ ಎದ್ದು ಬಂದಿದ್ದಳಲ್ಲ, ಅದೂ ಕಂಡಿತು. "ನಿನ್ನೆಯಿಂದ ಇದು ನಾಲ್ಕನೇ ಮೋಡ ರೀ," ಎಂದಳು.

ವಾಪಸು ಓಡಿದೆ. ಎರಡು ಸಾವಿರ ಸಂಡಿಗೆ, ಹದಿನೆಂಟು ಸೀರೆ. ಒಂದೊಂದನ್ನೇ ಎರಡೂ ಕೈಯಲ್ಲಿ, ಮಗುವನ್ನು ಎತ್ತಿದ ಹಾಗೆ ಎತ್ತಿ, ಮೆಟ್ಟಿಲಿಳಿದು ಪಡಸಾಲೆಯಲ್ಲಿ ಹಾಸಿದೆ. ಹದಿನೆಂಟು ಸಲ ಹತ್ತಿದೆ, ಹದಿನೆಂಟು ಸಲ ಇಳಿದೆ. ಹೋರಾಟದ ದಿನಗಳಲ್ಲಿ ಪೊಲೀಸರು ಅಟ್ಟಿಸಿಕೊಂಡು ಬಂದಾಗಲೂ ಹೀಗೆ ಓಡಿರಲಿಲ್ಲ. ಕೊನೆಯ ಸೀರೆ ಹಾಸಿ, ಗೋಡೆಗೊರಗಿ, ಇನ್ನು ಸುರಿಯಲಿ ಎಂದು ಕಾದೆ.

ಸುರಿಯಲಿಲ್ಲ. ಮೋಡ ನಮ್ಮ ಮಹಡಿಯ ಮೇಲೆ ಒಂದು ಗಳಿಗೆ ನಿಂತು, ಏನೋ ಮರೆತವರಂತೆ ಚನ್ನರಾಯಪಟ್ಟಣದ ಕಡೆ ಹೋಯಿತು. ಬಿಸಿಲು ಮತ್ತೆ ಹೆಂಚು ಸಿಡಿಯುವಂತೆ ಹೊಡೆಯಿತು.

ಬಾಗಿಲು ತೆರೆದು ಪಾರ್ವತಮ್ಮ ಬಂದರು, ಹಿಂದೆ ಐವರು. ಪಡಸಾಲೆ ತುಂಬ ಹಾಸಿದ ಸಂಡಿಗೆ ನೋಡಿದರು, ಹೊರಗಿನ ಬಿಸಿಲು ನೋಡಿದರು, ನನ್ನನ್ನು ನೋಡಿದರು.

"ಈಗ ಪೆಟ್ಗೇನೂ ಇಲ್ದೇ ಮಾಡಾಕ್ ಕಲ್ತ್ಬುಟ್ಟ," ಎಂದರು.

ಸಂಡಿಗೆ ಗುರುವಾರ ಮಧ್ಯಾಹ್ನವೇ ಬೆಳಗೊಳ ಮುಟ್ಟಿತು. ನಾಲ್ಕು ಸಾವಿರ, ಒಂದೂ ಕಡಿಮೆಯಿಲ್ಲ. ಬೀಗರಿಗೆ ಹಿಡಿಸಿತು. ಮೆಸ್ಸಿಗೆ ವರ್ಷಪೂರ್ತಿ ಇವರದೇ ಎಂದು ಸಮತಾ ಬರೆದುಕೊಟ್ಟರು. ಕೊನೆಯ ಸಾಲಿನಲ್ಲಿ, ಒಣಹಾಕುವ ದಿನ ಗಂಗಾಧರಯ್ಯನವರು ಊರಿನಲ್ಲಿರಬಾರದು ಎಂದೂ ಇತ್ತು. ಸರಸ ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾಳೆ. ಅರಕಲಗೂಡಿನ ನಾಟಕದಲ್ಲಿ ಮಳೆಯ ದೃಶ್ಯವನ್ನೇ ಕೈಬಿಟ್ಟೆವು. ಯಾರೂ ಕೇಳಲಿಲ್ಲ.

ನಾನು ಎರಡು ಸಲ ಸುಳ್ಳು ಮಳೆ ಸುರಿಸಿದವನು, ಒಪ್ಪಿದೆ. ಆದರೆ ಬುಧವಾರದ ಮೋಡ ನಿಜವಾಗಿಯೂ ಇತ್ತು. ಕೂಗಿದವನ ತಲೆ ಒದ್ದೆಯಾಗಿದೆಯೇ ಎಂದು ಮಲಗಿದಲ್ಲಿಂದ ಕೈ ಚಾಚಿ ಮುಟ್ಟಿ ನೋಡುವ ಅಭ್ಯಾಸ ನಮ್ಮ ಬೀದಿಗೆ ಮಾತ್ರ ಇಲ್ಲ, ನಿಮಗೂ ಇದೆ. ಇಪ್ಪತ್ತು ವರ್ಷ ಬೀದಿಯಲ್ಲಿ ಕೂಗಿ ನೋಡಿದ್ದೇನೆ, ನನಗೆ ಗೊತ್ತು. ಆದ್ದರಿಂದ ನನ್ನ ಬೇಡಿಕೆ ಒಂದೇ, ಅದಕ್ಕೆ ಲಿಖಿತ ಭರವಸೆಯೂ ಬೇಡ: ಇನ್ನೊಂದು ಸಲ ಯಾರಾದರೂ ನಿಮ್ಮ ಬಾಗಿಲಿಗೆ ಬಂದು ಮಳೆ ಬಂತೆಂದು ಕೂಗಿದರೆ, ನಗುವುದನ್ನು ಆಮೇಲೆ ಇಟ್ಟುಕೊಂಡು, ಮೊದಲು ಎದ್ದು ಮಹಡಿಗೆ ಬನ್ನಿ. ಹದಿನೆಂಟು ಸೀರೆ ಒಬ್ಬನಿಗೆ ಜಾಸ್ತಿ.